ಎರಡು ದೂರದ ವಿಮಾನ ನಿಲ್ದಾಣಗಳ ನಡುವಿನ ದೂರ ಮತ್ತು ಹಾರಾಟದ ಅವಧಿ: ಕೈಯಾರೆ ಲೆಕ್ಕ ಹಾಕುವ ಬಗೆ

ಎರಡು ವಿಮಾನ ನಿಲ್ದಾಣಗಳ ನಡುವೆ ಎಷ್ಟು ದೂರವಿದೆ, ಅಲ್ಲಿಗೆ ಹಾರಲು ಎಷ್ಟು ಹೊತ್ತು ಬೇಕು ಎಂದು ತಿಳಿಯಬಯಸುವವರಿಗೆ ಫೋನಿನಲ್ಲಿಯೇ ಹತ್ತಾರು ಉತ್ತರಗಳು ಸಿಗುತ್ತವೆ. ತೊಡಕು ಶುರುವಾಗುವುದು ಆ ಉತ್ತರಗಳು ಒಂದಕ್ಕೊಂದು ತಾಳೆಯಾಗದಿದ್ದಾಗ. ಒಂದು ಕಡೆ 8,222 ಕಿ.ಮೀ. ಎಂದಿರುತ್ತದೆ, ಇನ್ನೊಂದು ಕಡೆ 8,245 ಕಿ.ಮೀ. ಎಂದಿರುತ್ತದೆ, ಟಿಕೆಟ್ಟಿನಲ್ಲಿ ನೋಡಿದರೆ ಹೋಗುವಾಗ ಒಂಬತ್ತು ಗಂಟೆ ಚಿಲ್ಲರೆ, ಬರುವಾಗ ಹನ್ನೊಂದು ಗಂಟೆ, ಗಡಿಯಾರದ ಪ್ರಕಾರವಂತೂ ವಿಮಾನ ಹೊರಡುವ ಮೊದಲೇ ತಲುಪಿಬಿಟ್ಟಿರುತ್ತದೆ. ಇವುಗಳಲ್ಲಿ ಯಾವುದೂ ಸುಳ್ಳಲ್ಲ, ಏಕೆಂದರೆ ಇವೆಲ್ಲವೂ ಬೇರೆ ಬೇರೆ ಪ್ರಶ್ನೆಗಳಿಗೆ ಸಿಕ್ಕ ಉತ್ತರಗಳು. ಭೂಮಿಯ ಮೇಲ್ಮೈ ಗುಂಟ ಇರುವ ಅತಿ ಕಡಿಮೆ ದೂರ ಒಂದು, ವಿಮಾನ ನಿಜವಾಗಿ ಕ್ರಮಿಸುವ ದೂರ ಇನ್ನೊಂದು, ಎರಡು ಊರುಗಳ ಗಡಿಯಾರಗಳು ತೋರಿಸುವ ವ್ಯತ್ಯಾಸ ಮತ್ತೊಂದು. ಮೊದಲನೆಯದು ಶುದ್ಧ ರೇಖಾಗಣಿತವಾದ್ದರಿಂದ ಬೇಕಾದಷ್ಟು ನಿಖರವಾಗಿ ಹೇಳಬಹುದು; ಎರಡನೆಯದು ಅಂದಾಜು ಮಾತ್ರ; ಮೂರನೆಯದು ಬರೀ ಕೂಡುವ ಕಳೆಯುವ ಲೆಕ್ಕ, ಆದರೆ ಜನ ಹೆಚ್ಚು ಎಡವುವುದು ಅಲ್ಲಿಯೇ.

ವಿವರಣೆಗೆ ಉದ್ದಕ್ಕೂ ಒಂದೇ ಜೋಡಿಯನ್ನು ಇಟ್ಟುಕೊಳ್ಳೋಣ: ಜಪಾನಿನ ಟೋಕಿಯೊ ನಗರದ ಹೊರಗಿರುವ ನರಿಟಾ ನಿಲ್ದಾಣ ಮತ್ತು ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ. ಎರಡೂ ಹೆಚ್ಚು ಕಡಿಮೆ ಒಂದೇ ಅಕ್ಷಾಂಶದಲ್ಲಿವೆ, ನಡುವೆ ಇಡೀ ಪೆಸಿಫಿಕ್ ಸಾಗರವಿದೆ, ಅಂತರರಾಷ್ಟ್ರೀಯ ದಿನಾಂಕ ರೇಖೆಯೂ ಅಡ್ಡ ಬರುತ್ತದೆ. ಲೆಕ್ಕ ತಪ್ಪಲು ಎಷ್ಟು ದಾರಿಗಳಿವೆಯೋ ಅಷ್ಟೂ ಈ ಒಂದು ಜೋಡಿಯಲ್ಲಿ ಸಿಗುವುದರಿಂದ ಅಭ್ಯಾಸಕ್ಕೆ ಇದು ಒಳ್ಳೆಯದು.

ಮೊದಲು ನಿರ್ದೇಶಾಂಕಗಳು

ಊರಿನ ಹೆಸರಿನಿಂದಲ್ಲ, ವಿಮಾನ ನಿಲ್ದಾಣದ ಮೂರಕ್ಷರದ ಸಂಕೇತದಿಂದ ಪ್ರಾರಂಭಿಸಬೇಕು. ಟೋಕಿಯೊ ಎಂದರೆ ಎನ್‌ಆರ್‌ಟಿ ಸಂಕೇತದ ನರಿಟಾವೂ ಆಗಬಹುದು, ಎಚ್‌ಎನ್‌ಡಿ ಸಂಕೇತದ ಹನೇಡಾವೂ ಆಗಬಹುದು. ಇವೆರಡರ ನಡುವೆಯೇ ಸುಮಾರು 60 ಕಿ.ಮೀ. ಅಂತರವಿದೆ. ಸ್ಯಾನ್ ಹೋಸೆ ಎಂಬ ಹೆಸರಿನ ವಿಷಯದಲ್ಲಂತೂ ಇನ್ನೂ ಎಚ್ಚರ ಬೇಕು, ಏಕೆಂದರೆ ಎಸ್‌ಜೆಸಿ ಎಂಬುದು ಕ್ಯಾಲಿಫೋರ್ನಿಯಾದಲ್ಲಿದ್ದರೆ ಎಸ್‌ಜೆಒ ಎಂಬುದು ಮಧ್ಯ ಅಮೆರಿಕದ ಕೋಸ್ಟರಿಕದಲ್ಲಿದೆ. ಕೊನೆಯ ಒಂದು ಅಕ್ಷರದಲ್ಲಿ ಸಾವಿರಾರು ಕಿಲೋಮೀಟರ್ ಅಡಗಿರುತ್ತವೆ.

ಪ್ರತಿ ವಿಮಾನ ನಿಲ್ದಾಣಕ್ಕೂ ಅಧಿಕೃತವಾಗಿ ಗುರುತಿಸಿದ ಒಂದು ಉಲ್ಲೇಖ ಬಿಂದು ಇರುತ್ತದೆ. ಸಾಮಾನ್ಯವಾಗಿ ಅದು ರನ್‌ವೇಗಳ ನಡುಭಾಗಕ್ಕೆ ಹತ್ತಿರವಿರುತ್ತದೆ, ಪ್ರಯಾಣಿಕರು ಕುಳಿತು ಕಾಯುವ ಕಟ್ಟಡದಲ್ಲಿ ಅಲ್ಲ. ಅದರ ಅಕ್ಷಾಂಶ ರೇಖಾಂಶಗಳನ್ನು ಡಿಗ್ರಿ, ಮಿನಿಟು, ಸೆಕೆಂಡುಗಳಲ್ಲಿ ಕೊಟ್ಟಿರುವುದೇ ಹೆಚ್ಚು. ಅದನ್ನು ದಶಮಾಂಶಕ್ಕೆ ತರುವುದು ಸುಲಭ: ಮಿನಿಟುಗಳನ್ನು 60ರಿಂದ, ಸೆಕೆಂಡುಗಳನ್ನು 3,600ರಿಂದ ಭಾಗಿಸಿ ಡಿಗ್ರಿಗೆ ಕೂಡಿಸಬೇಕು. ಸ್ಯಾನ್ ಫ್ರಾನ್ಸಿಸ್ಕೊ ನಿಲ್ದಾಣದ ಅಕ್ಷಾಂಶ 37 ಡಿಗ್ರಿ 37 ಮಿನಿಟು 8 ಸೆಕೆಂಡು ಉತ್ತರ. ಅಂದರೆ 37 + 0.6167 + 0.0022 = 37.619. ಅದರ ರೇಖಾಂಶ 122 ಡಿಗ್ರಿ 22 ಮಿನಿಟು 30 ಸೆಕೆಂಡು ಪಶ್ಚಿಮ, ಅಂದರೆ 122.375. ನರಿಟಾದ್ದು 35.765 ಉತ್ತರ, 140.386 ಪೂರ್ವ.

ದಶಮಾಂಶದ ಬಳಿಕ ಮೂರು ಸ್ಥಾನಗಳು ಧಾರಾಳವಾಗಿ ಸಾಕು. ಮೂರನೆಯ ಸ್ಥಾನದ ಒಂದು ಅಂಕಿ ನೆಲದ ಮೇಲೆ ಸುಮಾರು 110 ಮೀಟರ್‌ಗೆ ಸಮ, ದೊಡ್ಡ ನಿಲ್ದಾಣದ ಒಂದು ರನ್‌ವೇ ಅದಕ್ಕಿಂತ ಮೂವತ್ತು ಪಟ್ಟು ಉದ್ದವಿರುತ್ತದೆ. ಏಳೆಂಟು ಸ್ಥಾನಗಳವರೆಗೆ ಅಂಕಿಗಳನ್ನು ಹೊತ್ತು ತಿರುಗುವುದರಿಂದ ನಿಖರತೆ ಹೆಚ್ಚಿದಂತೆ ಕಾಣುತ್ತದೆಯೇ ಹೊರತು ಹೆಚ್ಚುವುದಿಲ್ಲ.

ಇಲ್ಲಿ ಚಿಹ್ನೆಯ ನಿಯಮವೊಂದನ್ನು ಮರೆಯಬಾರದು: ಉತ್ತರ ಅಕ್ಷಾಂಶ ಮತ್ತು ಪೂರ್ವ ರೇಖಾಂಶಗಳಿಗೆ ಧನ ಚಿಹ್ನೆ, ದಕ್ಷಿಣ ಮತ್ತು ಪಶ್ಚಿಮಗಳಿಗೆ ಋಣ ಚಿಹ್ನೆ. ನಾನು ಮೊದಲ ಸಲ ಈ ಜೋಡಿಯನ್ನು ಸ್ಪ್ರೆಡ್‌ಶೀಟಿನಲ್ಲಿ ತುಂಬಿಸಿದಾಗ 122.375ರ ಹಿಂದೆ ಋಣ ಚಿಹ್ನೆ ಹಾಕುವುದನ್ನು ಬಿಟ್ಟಿದ್ದೆ. ಉತ್ತರ ಸುಮಾರು 1,600 ಕಿ.ಮೀ. ಎಂದು ಬಂತು. ಆ ಬಿಂದುವನ್ನು ನಕ್ಷೆಯಲ್ಲಿ ಹುಡುಕಿದರೆ ಅದು ಚೀನಾದ ಶಾಂಡಾಂಗ್ ಪರ್ಯಾಯದ್ವೀಪದ ತುದಿಯ ಬಳಿ ಸಮುದ್ರದ ನೀರಿನಲ್ಲಿತ್ತು. ಈ ತಪ್ಪಿನ ಅಪಾಯವೆಂದರೆ ಲೆಕ್ಕ ಎಲ್ಲಿಯೂ ನಿಲ್ಲುವುದಿಲ್ಲ, ದೋಷದ ಸೂಚನೆಯೂ ಬರುವುದಿಲ್ಲ. ನೋಡಲು ನಂಬುವಂಥದ್ದೇ ಒಂದು ಸಂಖ್ಯೆ ಹೊರಬರುತ್ತದೆ.

ಮಹಾವೃತ್ತದ ದೂರ

ಚಪ್ಪಟೆ ನಕ್ಷೆಯ ಮೇಲೆ ಅಡಿಪಟ್ಟಿ ಇಟ್ಟು ಅಳೆಯುವುದು ಮನಸ್ಸಿಗೆ ತಕ್ಷಣ ಹೊಳೆಯುವ ದಾರಿ, ಮತ್ತು ದೂರದ ಊರುಗಳಿಗೆ ಅದು ಪೂರ್ತಿ ತಪ್ಪು ದಾರಿ. ನಾವು ನೋಡಿ ರೂಢಿಯಾಗಿರುವ ಲೋಕದ ನಕ್ಷೆಗಳಲ್ಲಿ ಬಹಳಷ್ಟು 1569ರಲ್ಲಿ ಗೆರಾರ್ಡಸ್ ಮರ್ಕೇಟರ್ ರೂಪಿಸಿದ ಪ್ರಕ್ಷೇಪದ, ಅಂದರೆ ಗೋಳವನ್ನು ಚಪ್ಪಟೆ ಹಾಳೆಗೆ ಇಳಿಸುವ ವಿಧಾನದ, ವಂಶಕ್ಕೆ ಸೇರಿದವು. ಅದು ಹಡಗಿನವರು ಒಂದೇ ದಿಕ್ಕು ಹಿಡಿದು ಸಾಗಲು ಅನುಕೂಲವಾಗಲೆಂದು ಮಾಡಿದ್ದು. ದಿಕ್ಕನ್ನು ಉಳಿಸಿಕೊಳ್ಳುವ ಸಲುವಾಗಿ ಅದು ದೂರವನ್ನು ಬಲಿಕೊಟ್ಟಿದೆ. ಅಕ್ಷಾಂಶ ರೇಖಾಂಶಗಳ ವ್ಯತ್ಯಾಸವನ್ನು ಚೌಕುಳಿ ಹಾಳೆಯ ಮೇಲಿನ ಅಂತರವೆಂದು ಭಾವಿಸಿ, ಪ್ರತಿ ಡಿಗ್ರಿಗೂ 111 ಕಿ.ಮೀ. ಹಿಡಿದರೆ ನಮ್ಮ ಜೋಡಿಗೆ ಸುಮಾರು 10,800 ಕಿ.ಮೀ. ಬರುತ್ತದೆ. ನಿಜವಾದ ದೂರ ಅದಕ್ಕಿಂತ ಎರಡೂವರೆ ಸಾವಿರ ಕಿಲೋಮೀಟರ್ ಕಡಿಮೆ. ಸಮಭಾಜಕ ವೃತ್ತದಿಂದ ಧ್ರುವದತ್ತ ಹೋದಂತೆ ರೇಖಾಂಶಗಳು ಒಂದಕ್ಕೊಂದು ಹತ್ತಿರವಾಗುತ್ತವೆ ಎಂಬುದನ್ನು ಆ ಲೆಕ್ಕ ಮರೆತಿರುತ್ತದೆ.

ಗೋಳದ ಮೇಲಿನ ಎರಡು ಬಿಂದುಗಳ ನಡುವಿನ ಅತಿ ಹತ್ತಿರದ ಹಾದಿ ಮಹಾವೃತ್ತದ ಭಾಗ. ಗೋಳದ ಕೇಂದ್ರದ ಮೂಲಕ ಹಾದುಹೋಗುವ ಸಮತಲವೊಂದು ಮೇಲ್ಮೈಯನ್ನು ಕತ್ತರಿಸಿದಾಗ ಮೂಡುವ ವೃತ್ತವೇ ಮಹಾವೃತ್ತ. ಮಾತಿಗಿಂತ ಕೈಯಲ್ಲಿ ಮಾಡಿ ನೋಡಿದರೆ ಇದು ಬೇಗ ಮನದಟ್ಟಾಗುತ್ತದೆ. 30 ಸೆಂ.ಮೀ. ವ್ಯಾಸದ ಒಂದು ಗ್ಲೋಬನ್ನು ಮೇಜಿನ ಮೇಲಿಟ್ಟುಕೊಂಡು, ಹೊಲಿಗೆಯ ದಾರದ ಒಂದು ತುದಿಯನ್ನು ಹೆಬ್ಬೆರಳಿನಿಂದ ಟೋಕಿಯೊ ಮೇಲೆ ಒತ್ತಿ ಹಿಡಿಯಿರಿ. ಇನ್ನೊಂದು ತುದಿಯನ್ನು ಸ್ಯಾನ್ ಫ್ರಾನ್ಸಿಸ್ಕೊ ಮೇಲೆ ಇಟ್ಟು ಮೆಲ್ಲಗೆ ಜಗ್ಗಿರಿ. ಮೊದಲು ಅಕ್ಷಾಂಶದ ಗೆರೆಯ ಮೇಲೆಯೇ ಮಲಗಿದ್ದ ದಾರ ಬಿಗಿಯಾಗುತ್ತಿದ್ದಂತೆ ತಾನಾಗಿಯೇ ಉತ್ತರಕ್ಕೆ ಜಾರಿ, ಅಲೂಷಿಯನ್ ದ್ವೀಪಗಳ ದಕ್ಷಿಣಕ್ಕೆ, ಸುಮಾರು 48 ಡಿಗ್ರಿ ಅಕ್ಷಾಂಶದವರೆಗೆ ಏರಿ ನಿಲ್ಲುತ್ತದೆ. ಸ್ಯಾನ್ ಫ್ರಾನ್ಸಿಸ್ಕೊ ತಾಗುವಲ್ಲಿ ದಾರಕ್ಕೆ ಉಗುರಿನಿಂದ ಗುರುತು ಮಾಡಿ ಅಡಿಪಟ್ಟಿಯ ಮೇಲೆ ಇಟ್ಟರೆ 19.4 ಸೆಂ.ಮೀ. ಆಸುಪಾಸು ಬರುತ್ತದೆ. ಆ ಅಳತೆಯ ಗ್ಲೋಬಿನಲ್ಲಿ ಒಂದು ಸೆಂಟಿಮೀಟರ್ ಎಂದರೆ ಸುಮಾರು 425 ಕಿ.ಮೀ.; ಗುಣಿಸಿದರೆ 8,245. ಒಂದು ದಾರ ಮತ್ತು ಒಂದು ಅಡಿಪಟ್ಟಿ ಇಷ್ಟು ಹತ್ತಿರಕ್ಕೆ ಕೊಂಡೊಯ್ಯುತ್ತವೆ, ಕೈ ಒಂದು ಮಿಲಿಮೀಟರ್ ಅಲುಗಿದರೆ ಸುಮಾರು ನಲವತ್ತು ಕಿ.ಮೀ. ತಪ್ಪುತ್ತದೆ ಅಷ್ಟೆ.

ಲೆಕ್ಕದಲ್ಲಿ ಇದನ್ನೇ ಮಾಡಲು ಬೇಕಾದ ಸೂತ್ರ ಒಂದು ಸಾಲಿನದು. ಎರಡು ನಿಲ್ದಾಣಗಳ ಅಕ್ಷಾಂಶಗಳನ್ನು ಅ1, ಅ2 ಎಂದೂ, ರೇಖಾಂಶಗಳ ವ್ಯತ್ಯಾಸವನ್ನು ವ್ಯ ಎಂದೂ ಕರೆಯೋಣ. ಭೂಮಿಯ ಕೇಂದ್ರದಿಂದ ನೋಡಿದಾಗ ಎರಡು ನಿಲ್ದಾಣಗಳ ನಡುವೆ ಏರ್ಪಡುವ ಕೋನವನ್ನು ಹೀಗೆ ಪಡೆಯಬಹುದು:

ಕೊಸೈನ್(ಕೋನ) = ಸೈನ್(ಅ1) × ಸೈನ್(ಅ2) + ಕೊಸೈನ್(ಅ1) × ಕೊಸೈನ್(ಅ2) × ಕೊಸೈನ್(ವ್ಯ)

ನಮ್ಮ ಜೋಡಿಯಲ್ಲಿ ರೇಖಾಂಶಗಳ ವ್ಯತ್ಯಾಸ 140.386 ರಿಂದ −122.375 ಅನ್ನು ಕಳೆದರೆ 262.761 ಡಿಗ್ರಿ. ಇದು 180ಕ್ಕಿಂತ ಹೆಚ್ಚಾಗಿರುವುದರಿಂದ ಭೂಮಿಯನ್ನು ಇನ್ನೊಂದು ಬದಿಯಿಂದ ಸುತ್ತುವುದು ಹತ್ತಿರ ಎಂದರ್ಥ. 360 ರಿಂದ ಕಳೆದಾಗ 97.239 ಸಿಗುತ್ತದೆ. ಎರಡೂ ಕೋನಗಳ ಕೊಸೈನ್ ಒಂದೇ ಆದ್ದರಿಂದ ಈ ಕಳೆಯುವಿಕೆಯನ್ನು ಮರೆತರೂ ಸೂತ್ರ ನಿಮ್ಮನ್ನು ಕಾಪಾಡುತ್ತದೆ. ಈಗ ಬೆಲೆಗಳನ್ನು ಹಾಕೋಣ. 35.765ರ ಸೈನ್ 0.58446, 37.619ರ ಸೈನ್ 0.61041, ಇವುಗಳ ಗುಣಲಬ್ಧ 0.35676. ಅದೇ ಎರಡು ಕೋನಗಳ ಕೊಸೈನ್‌ಗಳು 0.81142 ಮತ್ತು 0.79209, ಗುಣಲಬ್ಧ 0.64272, ಇದನ್ನು 97.239ರ ಕೊಸೈನ್ ಆದ −0.12601 ರಿಂದ ಗುಣಿಸಿದರೆ −0.08099. ಎರಡನ್ನೂ ಕೂಡಿಸಿದಾಗ 0.27577. ಯಾವ ಕೋನದ ಕೊಸೈನ್ ಇದು ಎಂದು ಕ್ಯಾಲ್ಕುಲೇಟರಿನ ವಿಲೋಮ ಕೊಸೈನ್ ಗುಂಡಿಯನ್ನು ಒತ್ತಿ ಕೇಳಿದರೆ 73.99 ಡಿಗ್ರಿ ಎಂಬ ಉತ್ತರ ಬರುತ್ತದೆ.

ಕೋನವನ್ನು ದೂರಕ್ಕೆ ಬದಲಿಸುವಾಗ ನಾಟಿಕಲ್ ಮೈಲಿಯ ಹುಟ್ಟು ನೆನಪಿಗೆ ಬರಬೇಕು. ಮಹಾವೃತ್ತದ ಮೇಲೆ ಒಂದು ಮಿನಿಟಿನಷ್ಟು ಕೋನಕ್ಕೆ ಸಮನಾದ ದೂರವೇ ಒಂದು ನಾಟಿಕಲ್ ಮೈಲಿ ಎಂದು ಅದನ್ನು ಕಲ್ಪಿಸಿದ್ದು. ಆದ್ದರಿಂದ ಡಿಗ್ರಿಗಳನ್ನು 60ರಿಂದ ಗುಣಿಸಿದರೆ ನೇರವಾಗಿ ನಾಟಿಕಲ್ ಮೈಲಿಗಳು ಸಿಗುತ್ತವೆ. 73.99ಕ್ಕೆ 60ರಿಂದ ಗುಣಿಸಿದರೆ ಸುಮಾರು 4,440 ನಾಟಿಕಲ್ ಮೈಲಿ. ಒಂದು ನಾಟಿಕಲ್ ಮೈಲಿಯನ್ನು 1929ರಲ್ಲಿ ಮೊನಾಕೊದಲ್ಲಿ ನಡೆದ ಅಂತರರಾಷ್ಟ್ರೀಯ ಸಮ್ಮೇಳನದಲ್ಲಿ 1,852 ಮೀಟರ್ ಎಂದು ನಿಗದಿ ಮಾಡಿದ್ದರಿಂದ, 1.852ರಿಂದ ಗುಣಿಸಿದಾಗ ಸುಮಾರು 8,222 ಕಿ.ಮೀ. ಆಗುತ್ತದೆ. ವಿಮಾನ ಚಾಲಕರು ದೂರವನ್ನು ನಾಟಿಕಲ್ ಮೈಲಿಯಲ್ಲಿ, ವೇಗವನ್ನು ಗಂಟೆಗೆ ಇಷ್ಟು ನಾಟಿಕಲ್ ಮೈಲಿ ಎಂಬರ್ಥದ ನಾಟ್‌ನಲ್ಲಿ ಹೇಳುವುದು ಹಳೆಯ ಅಭ್ಯಾಸದ ಬಲದಿಂದ ಮಾತ್ರವಲ್ಲ, ಈ ಸರಳತೆಯ ಕಾರಣದಿಂದಲೂ ಹೌದು. ನೆಲದ ಮೇಲಿನ ಮೈಲಿ 1.609 ಕಿ.ಮೀ. ಮಾತ್ರ, ಬರೀ ಮೈಲಿ ಎಂದು ಬರೆದಿರುವ ಕಡೆ ಯಾವ ಮೈಲಿ ಎಂದು ನೋಡದೆ ಮುಂದುವರಿದರೆ ಉತ್ತರದಲ್ಲಿ ಶೇ. 15ರಷ್ಟು ವ್ಯತ್ಯಾಸ ಬರುತ್ತದೆ.

ಸ್ಪ್ರೆಡ್‌ಶೀಟ್ ಬಳಸುವವರಿಗೆ ಒಂದು ಎಚ್ಚರಿಕೆ. ಅಲ್ಲಿನ ಸೈನ್, ಕೊಸೈನ್‌ಗಳು ಕೋನವನ್ನು ಡಿಗ್ರಿಗಳಲ್ಲಿ ಅಲ್ಲ, ರೇಡಿಯನ್‌ಗಳಲ್ಲಿ ನಿರೀಕ್ಷಿಸುತ್ತವೆ. ಆದ್ದರಿಂದ ಪ್ರತಿ ಡಿಗ್ರಿ ಬೆಲೆಯನ್ನೂ ಮೊದಲು ಪೈ ಭಾಗಿಸು 180 ರಿಂದ ಗುಣಿಸಬೇಕು. ಹಾಗೆ ಮಾಡಿದಾಗ ಕೊನೆಯ ಕೋನವೂ ರೇಡಿಯನ್‌ನಲ್ಲಿಯೇ, 1.2914 ಎಂದು ಬರುತ್ತದೆ, ಮತ್ತು ಅದನ್ನು ಭೂಮಿಯ ಸರಾಸರಿ ತ್ರಿಜ್ಯವಾದ 6,371 ಕಿ.ಮೀ. ಯಿಂದ ಗುಣಿಸಿದರೆ 8,227 ಕಿ.ಮೀ. ಸಿಗುತ್ತದೆ. ಹಿಂದಿನ ಉತ್ತರಕ್ಕೂ ಇದಕ್ಕೂ ಐದು ಕಿಲೋಮೀಟರ್ ಅಂತರವಿರುವುದು 1,852 ಮೀಟರಿನ ನಾಟಿಕಲ್ ಮೈಲಿ ತುಸು ಚಿಕ್ಕದಾದ, ಸುಮಾರು 6,367 ಕಿ.ಮೀ. ತ್ರಿಜ್ಯದ ಗೋಳಕ್ಕೆ ಹೊಂದುವುದರ ಫಲ. ಹ್ಯಾವರ್‌ಸೈನ್ ಎಂಬ ಇನ್ನೊಂದು ಸೂತ್ರವನ್ನು ಹಲವರು ಶಿಫಾರಸು ಮಾಡುತ್ತಾರೆ. ಎರಡು ಬಿಂದುಗಳು ಕೆಲವೇ ಮೀಟರ್ ಅಂತರದಲ್ಲಿದ್ದಾಗ ಕೊಸೈನ್ ಬೆಲೆ 1ಕ್ಕೆ ತೀರ ಹತ್ತಿರವಾಗಿ ಅಂಕಿಗಳು ಕಳೆದುಹೋಗುತ್ತವೆ, ಅಂಥಲ್ಲಿ ಹ್ಯಾವರ್‌ಸೈನ್ ಉಪಯುಕ್ತ. ಸಾವಿರಾರು ಕಿಲೋಮೀಟರ್ ದೂರದ ನಿಲ್ದಾಣಗಳಿಗೆ ಮೇಲಿನ ಸೂತ್ರದಲ್ಲಿ ಯಾವ ಕೊರತೆಯೂ ಇಲ್ಲ.

ಹಾಗಾದರೆ 8,245 ಎಂಬ ಸಂಖ್ಯೆ ಎಲ್ಲಿಂದ ಬಂತು? ಭೂಮಿ ಪೂರ್ತಿ ಗುಂಡಗಿಲ್ಲ. ಜಿಪಿಎಸ್ ಬಳಸುವ ಡಬ್ಲ್ಯುಜಿಎಸ್ 84 ಎಂಬ ಮಾದರಿಯಲ್ಲಿ ಸಮಭಾಜಕದ ತ್ರಿಜ್ಯ 6,378.137 ಕಿ.ಮೀ., ಧ್ರುವದ ತ್ರಿಜ್ಯ 6,356.752 ಕಿ.ಮೀ. ಈ ಚಪ್ಪಟೆತನವನ್ನು ಲೆಕ್ಕಕ್ಕೆ ತೆಗೆದುಕೊಂಡರೆ ನಮ್ಮ ಜೋಡಿಯ ದೂರ ಸುಮಾರು 20 ಕಿ.ಮೀ. ಹೆಚ್ಚುತ್ತದೆ. ಥ್ಯಾಡಿಯಸ್ ವಿನ್ಸೆಂಟಿ 1975ರಲ್ಲಿ ಪ್ರಕಟಿಸಿದ ಸೂತ್ರಗಳು ಇದಕ್ಕಾಗಿಯೇ ಇವೆ. ಅವುಗಳಲ್ಲಿ ಒಂದೇ ಲೆಕ್ಕವನ್ನು ಉತ್ತರ ನೆಲೆಗೊಳ್ಳುವವರೆಗೆ ಮತ್ತೆ ಮತ್ತೆ ಮಾಡಬೇಕು, ಮತ್ತು ಎರಡು ಬಿಂದುಗಳು ಭೂಮಿಯ ಎದುರುಬದುರು ತುದಿಗಳಿಗೆ ತೀರ ಸಮೀಪವಿದ್ದಾಗ ಲೆಕ್ಕ ನೆಲೆಗೊಳ್ಳದೆಯೇ ಹೋಗಬಹುದು. ಗೋಳದ ಸೂತ್ರದ ತಪ್ಪು ಹೆಚ್ಚೆಂದರೆ ಶೇ. 0.5ರ ಸುತ್ತಮುತ್ತ ಇರುತ್ತದೆ. ವಿಮಾನವೇ ಆ ಗೆರೆಯ ಮೇಲೆ ಹಾರದಿರುವಾಗ, ಪ್ರಯಾಣದ ಅಂದಾಜಿಗಾಗಿ ಅಷ್ಟು ಶ್ರಮ ಪಡುವುದು ನನ್ನ ಅಭಿಪ್ರಾಯದಲ್ಲಿ ಅನಗತ್ಯ.

ಗೆರೆಗೂ ಹಾದಿಗೂ ಇರುವ ವ್ಯತ್ಯಾಸ

ಮಹಾವೃತ್ತದ ದೂರ ಕನಿಷ್ಠ ಮಿತಿಯೇ ಹೊರತು ವಿಮಾನದ ಹಾದಿಯಲ್ಲ. ಗಾಳಿ ಬರುವ ದಿಕ್ಕಿಗೆ ಮುಖ ಮಾಡಿ ಮೇಲೇಳಬೇಕಾದ್ದರಿಂದ ವಿಮಾನ ಕೆಲವೊಮ್ಮೆ ಹೋಗಬೇಕಾದ ದಿಕ್ಕಿಗೆ ಬೆನ್ನು ತಿರುಗಿಸಿಯೇ ಹೊರಡುತ್ತದೆ. ನಿಗದಿಯಾದ ವಾಯುಮಾರ್ಗಗಳನ್ನು ಹಿಡಿಯಬೇಕು. ಮೋಡಗಳ ಗುಂಪನ್ನು ಬಳಸಿ ಹೋಗಬೇಕು. ಎರಡು ಎಂಜಿನ್‌ಗಳ ವಿಮಾನ ಸಾಗರದ ಮೇಲೆ ಸಾಗುವಾಗ ತುರ್ತಾಗಿ ಇಳಿಯಬಹುದಾದ ನಿಲ್ದಾಣದಿಂದ ಅನುಮತಿ ಪಡೆದಷ್ಟು ನಿಮಿಷಗಳ ಅಂತರದೊಳಗೇ ಇರಬೇಕು. ದೂರದ ಹಾರಾಟಗಳಿಗೆ ಮಹಾವೃತ್ತದ ದೂರಕ್ಕೆ ಶೇ. 2ರಿಂದ 5ರಷ್ಟು ಸೇರಿಸುವುದು ನಾನು ಪಾಲಿಸುವ ಕ್ರಮ. ತೆರೆದ ಸಾಗರವಾದ್ದರಿಂದ ನಮ್ಮ ಜೋಡಿಗೆ ಶೇ. 2 ಸೇರಿಸಿ, 8,400 ಕಿ.ಮೀ. ಎಂದು ಇಟ್ಟುಕೊಳ್ಳೋಣ.

ಕೆಲವೊಮ್ಮೆ ಮಾತ್ರ ಶೇಕಡಾವಾರು ಲೆಕ್ಕ ಪೂರ್ತಿ ಕೈಕೊಡುತ್ತದೆ. ಹೆಲ್ಸಿಂಕಿಯಿಂದ ಟೋಕಿಯೊಗೆ ಮಹಾವೃತ್ತದ ದೂರ ಸುಮಾರು 7,800 ಕಿ.ಮೀ., ಆ ಗೆರೆಯ ಬಹುಭಾಗ ರಷ್ಯಾದ ಮೇಲೆ ಬೀಳುತ್ತದೆ. 2022ರ ಫೆಬ್ರವರಿಯ ಬಳಿಕ ರಷ್ಯಾದ ವಾಯುಪ್ರದೇಶ ಐರೋಪ್ಯ ಒಕ್ಕೂಟದ ವಿಮಾನ ಸಂಸ್ಥೆಗಳಿಗೆ ಮುಚ್ಚಿದಾಗ, ಒಂಬತ್ತು ಹತ್ತು ಗಂಟೆಗಳಲ್ಲಿ ಮುಗಿಯುತ್ತಿದ್ದ ಆ ಹಾರಾಟ ಉತ್ತರ ಧ್ರುವದ ಮೇಲೆ ಹಾದು ಸುಮಾರು ಹದಿಮೂರು ಗಂಟೆಗಳಿಗೆ ಬೆಳೆಯಿತು. ಎರಡೂ ನಿಲ್ದಾಣಗಳು ಇದ್ದಲ್ಲಿಯೇ ಇವೆ, ಸೂತ್ರದ ಉತ್ತರವೂ ಬದಲಾಗಿಲ್ಲ. ಆದ್ದರಿಂದ ಲೆಕ್ಕ ಹಾಕಿದ ಗೆರೆ ಯಾವ ಯಾವ ದೇಶಗಳ ಮೇಲೆ ಹೋಗುತ್ತದೆ ಎಂದು ಗ್ಲೋಬಿನ ಮೇಲೆ ಒಮ್ಮೆ ಕಣ್ಣಾಡಿಸುವುದು ಒಳಿತು.

ಅವಧಿಯ ಲೆಕ್ಕ

ದೂರದ ಪ್ರಯಾಣದ ಜೆಟ್ ವಿಮಾನಗಳ ವೇಗವನ್ನು ಶಬ್ದದ ವೇಗದ ಭಾಗವಾಗಿ, ಅಂದರೆ ಮ್ಯಾಕ್ ಸಂಖ್ಯೆಯಲ್ಲಿ ಹೇಳುತ್ತಾರೆ. ಬೋಯಿಂಗ್ 787 ಮತ್ತು ಏರ್‌ಬಸ್ ಎ350 ವಿಮಾನಗಳಿಗೆ ಅದು ಸುಮಾರು 0.85, ಏರ್‌ಬಸ್ ಎ320 ವರ್ಗದ ಸಣ್ಣ ವಿಮಾನಗಳಿಗೆ ಸುಮಾರು 0.78. ಶಬ್ದದ ವೇಗ ಉಷ್ಣತೆಯನ್ನು ಅವಲಂಬಿಸಿದೆ. ಹನ್ನೊಂದು ಕಿಲೋಮೀಟರ್ ಎತ್ತರದಲ್ಲಿ ಪ್ರಮಾಣಿತ ಉಷ್ಣತೆ ಶೂನ್ಯಕ್ಕಿಂತ 56.5 ಡಿಗ್ರಿ ಸೆಲ್ಸಿಯಸ್ ಕೆಳಗಿದ್ದು, ಅಲ್ಲಿ ಶಬ್ದದ ವೇಗ ಗಂಟೆಗೆ ಸುಮಾರು 1,062 ಕಿ.ಮೀ. ಆದ್ದರಿಂದ 0.85 ಮ್ಯಾಕ್ ಎಂದರೆ ಗಂಟೆಗೆ ಸುಮಾರು 903 ಕಿ.ಮೀ., 0.78 ಎಂದರೆ ಸುಮಾರು 828 ಕಿ.ಮೀ.

ಇದು ಸುತ್ತಲಿನ ಗಾಳಿಗೆ ಹೋಲಿಸಿದ ವೇಗ. ನಮಗೆ ಬೇಕಾದದ್ದು ನೆಲಕ್ಕೆ ಹೋಲಿಸಿದ ವೇಗ, ಮತ್ತು ಇವೆರಡರ ನಡುವಿನ ಅಂತರವೇ ಪ್ರಯಾಣದ ಅವಧಿಯಲ್ಲಿ ಕಾಣುವ ಬಹುಪಾಲು ಏರಿಳಿತಕ್ಕೆ ಕಾರಣ. ಎರಡೂ ಗೋಳಾರ್ಧಗಳ ಮಧ್ಯ ಅಕ್ಷಾಂಶಗಳಲ್ಲಿ, ವಿಮಾನಗಳು ಹಾರುವ ಎತ್ತರದಲ್ಲಿಯೇ, ಪಶ್ಚಿಮದಿಂದ ಪೂರ್ವಕ್ಕೆ ಜೆಟ್ ಸ್ಟ್ರೀಮ್ ಎಂಬ ರಭಸದ ಗಾಳಿ ಬೀಸುತ್ತಿರುತ್ತದೆ. ಜಪಾನಿನ ಹವಾಮಾನ ತಜ್ಞ ವಾಸಾಬುರೊ ಓಯಿಶಿ 1920ರ ದಶಕದಲ್ಲಿಯೇ ಬಲೂನುಗಳನ್ನು ಹಾರಿಬಿಟ್ಟು ಈ ಗಾಳಿಯನ್ನು ಅಳೆದಿದ್ದರು. ಲೋಕಕ್ಕೆಲ್ಲ ತಿಳಿಯಲೆಂದು ವರದಿಯನ್ನು ಎಲ್ಲ ದೇಶದವರಿಗೂ ಸಾಮಾನ್ಯವಾಗಲೆಂದು ಕಟ್ಟಿದ ಎಸ್ಪೆರಾಂಟೊ ಭಾಷೆಯಲ್ಲಿ ಬರೆದರು, ಲೋಕ ಅದನ್ನು ಓದಲಿಲ್ಲ. ಈ ಗಾಳಿಯ ಬಲ ಎಷ್ಟಿರಬಹುದೆಂಬುದಕ್ಕೆ ಒಂದು ನಿದರ್ಶನ ಸಾಕು: 2020ರ ಫೆಬ್ರವರಿಯಲ್ಲಿ, ಕಿಯಾರಾ ಎಂಬ ಬಿರುಗಾಳಿಯ ದಿನಗಳಲ್ಲಿ, ಬ್ರಿಟಿಷ್ ಏರ್‌ವೇಸ್‌ನ ಬೋಯಿಂಗ್ 747 ವಿಮಾನವೊಂದು ನ್ಯೂಯಾರ್ಕ್‌ನಿಂದ ಲಂಡನ್ನಿಗೆ 4 ಗಂಟೆ 56 ನಿಮಿಷಗಳಲ್ಲಿ ತಲುಪಿತು. ಅದರ ನೆಲದ ವೇಗ ಗಂಟೆಗೆ 1,300 ಕಿ.ಮೀ. ದಾಟಿತ್ತು. ಹಾಗೆಂದು ಅದು ಶಬ್ದದ ವೇಗವನ್ನೇನೂ ಮೀರಿರಲಿಲ್ಲ, ಗಾಳಿಯೇ ಅದನ್ನು ಹೊತ್ತುಕೊಂಡು ಓಡುತ್ತಿತ್ತು.

ನಮ್ಮ ಲೆಕ್ಕಕ್ಕೆ ಇಡೀ ಹಾದಿಯ ಸರಾಸರಿ ಗಾಳಿಯನ್ನು ಗಂಟೆಗೆ 80 ಕಿ.ಮೀ. ಎಂದು ಹಿಡಿಯೋಣ, ಚಳಿಗಾಲದಲ್ಲಿ ಇದು ಹೆಚ್ಚಿರುತ್ತದೆ, ಬೇಸಿಗೆಯಲ್ಲಿ ಕಡಿಮೆ. ಪೂರ್ವಕ್ಕೆ ಹೋಗುವಾಗ ಬೆನ್ನ ಹಿಂದಿನ ಗಾಳಿಯಿಂದ ನೆಲದ ವೇಗ 983 ಆಗುತ್ತದೆ; 8,400 ಅನ್ನು 983ರಿಂದ ಭಾಗಿಸಿದರೆ 8.55, ಅಂದರೆ 8 ಗಂಟೆ 33 ನಿಮಿಷ. ಪಶ್ಚಿಮಕ್ಕೆ ಬರುವಾಗ ಎದುರು ಗಾಳಿಯಿಂದ ವೇಗ 823ಕ್ಕೆ ಇಳಿದು, ಅವಧಿ 10.21, ಅಂದರೆ 10 ಗಂಟೆ 12 ನಿಮಿಷವಾಗುತ್ತದೆ. ದಶಮಾಂಶವನ್ನು ನಿಮಿಷವೆಂದು ಓದಿಬಿಡುವ ತಪ್ಪು ಇಲ್ಲಿ ಸಾಮಾನ್ಯ: 8.55 ಗಂಟೆ ಎಂದರೆ 8 ಗಂಟೆ 55 ನಿಮಿಷವಲ್ಲ, 0.55 ಅನ್ನು 60ರಿಂದ ಗುಣಿಸಬೇಕು. ಹೋಗುವಾಗ ಗಾಳಿ ಕೊಟ್ಟದ್ದನ್ನು ಬರುವಾಗ ಅಷ್ಟೇ ಕಿತ್ತುಕೊಂಡು ಲೆಕ್ಕ ಸಮವಾಗುತ್ತದೆ ಎಂದು ಭಾವಿಸುವುದೂ ಸರಿಯಲ್ಲ. ಗಾಳಿಯೇ ಇಲ್ಲದಿದ್ದರೆ ಹೋಗಿಬರಲು 18 ಗಂಟೆ 36 ನಿಮಿಷ ಸಾಕಿತ್ತು; ಗಾಳಿಯಿದ್ದಾಗ 18 ಗಂಟೆ 45 ನಿಮಿಷ ಆಗಿದೆ. ಎದುರು ಗಾಳಿಯೊಳಗೆ ವಿಮಾನ ಹೆಚ್ಚು ಹೊತ್ತು ಇರುವುದರಿಂದ ನಷ್ಟದ ಪಾಲು ಯಾವಾಗಲೂ ದೊಡ್ಡದು. ಇದೇ ಕಾರಣಕ್ಕೆ ನಿಜವಾದ ಹಾರಾಟಗಳಲ್ಲಿ ಎರಡು ದಿಕ್ಕುಗಳ ಹಾದಿಯೂ ಒಂದೇ ಇರುವುದಿಲ್ಲ: ಪೂರ್ವಕ್ಕೆ ಹೋಗುವವರು ಆ ಗಾಳಿಯನ್ನು ಹುಡುಕಿಕೊಂಡು ಹೋಗುತ್ತಾರೆ, ಪಶ್ಚಿಮಕ್ಕೆ ಬರುವವರು ಹೆಚ್ಚು ದೂರವಾದರೂ ಚಿಂತೆಯಿಲ್ಲವೆಂದು ಅದನ್ನು ತಪ್ಪಿಸಿಕೊಂಡು ಬರುತ್ತಾರೆ.

ಟಿಕೆಟ್ಟಿನಲ್ಲಿ ಅಚ್ಚಾಗಿರುವುದು ಗಾಳಿಯಲ್ಲಿದ್ದ ಸಮಯವಲ್ಲ. ವಿಮಾನ ಗೇಟಿನಿಂದ ಕದಲಿದ ಕ್ಷಣದಿಂದ ಇನ್ನೊಂದು ಗೇಟಿನಲ್ಲಿ ನಿಲ್ಲುವ ಕ್ಷಣದವರೆಗಿನ ಅವಧಿ ಅದು. ಬ್ಲಾಕ್ ಟೈಮ್ ಎಂದು ಅದಕ್ಕೆ ಹೆಸರು. ರನ್‌ವೇವರೆಗೆ ನೆಲದ ಮೇಲೆ ಸಾಗುವುದು, ಸರದಿಗಾಗಿ ಕಾಯುವುದು, ನಿಧಾನವಾಗಿ ಏರುವುದು, ಇಳಿಯುವ ಮುನ್ನ ವೇಗ ತಗ್ಗಿಸುವುದು ಇವೆಲ್ಲಕ್ಕೂ ಸೇರಿ ನಾನು 40 ನಿಮಿಷ ಕೂಡಿಸುತ್ತೇನೆ. ದಟ್ಟಣೆ ಹೆಚ್ಚಿರುವ ನಿಲ್ದಾಣಗಳಿಗೆ ಇನ್ನೂ ಹತ್ತಿಪ್ಪತ್ತು ನಿಮಿಷ ಬೇಕಾಗಬಹುದು. ಹಾಗೆ ನೋಡಿದಾಗ ನರಿಟಾದಿಂದ ಸ್ಯಾನ್ ಫ್ರಾನ್ಸಿಸ್ಕೊಗೆ 9 ಗಂಟೆ 13 ನಿಮಿಷ, ಮರಳಿ ಬರಲು 10 ಗಂಟೆ 52 ನಿಮಿಷ.

ಇಷ್ಟೆಲ್ಲ ಬೇಡ, ಬಾಯಿಲೆಕ್ಕ ಸಾಕು ಎನ್ನುವವರು ಮಹಾವೃತ್ತದ ದೂರವನ್ನು 850ರಿಂದ ಭಾಗಿಸಿ ಅರ್ಧ ಗಂಟೆ ಕೂಡಿಸಬಹುದು. ಈ ಜೋಡಿಗೆ ಅದು 10 ಗಂಟೆ 10 ನಿಮಿಷದ ಆಸುಪಾಸು ಬರುತ್ತದೆ, ಅಂದರೆ ಹೋಗುವ ಬರುವ ಅವಧಿಗಳ ನಡುವೆ ಎಲ್ಲೋ ಒಂದು ಕಡೆ. ಹಾದಿ ಉತ್ತರ ದಕ್ಷಿಣವಾಗಿದ್ದರೆ ಈ ಬಾಯಿಲೆಕ್ಕವೇ ಸಾಕಷ್ಟು ಒಳ್ಳೆಯದು, ಏಕೆಂದರೆ ಅಡ್ಡ ಬೀಸುವ ಗಾಳಿಯಿಂದ ವೇಗ ಹೆಚ್ಚು ಬದಲಾಗುವುದಿಲ್ಲ. ನಡುವೆ ಇಳಿದು ವಿಮಾನ ಬದಲಿಸಬೇಕಾದಾಗ ಮಾತ್ರ ಪ್ರತಿ ಹಂತವನ್ನೂ ಬೇರೆಯಾಗಿ ಲೆಕ್ಕ ಹಾಕಿ, ಪ್ರತಿ ಹಂತಕ್ಕೂ ನೆಲದ ಸಮಯವನ್ನು ಬೇರೆಯಾಗಿಯೇ ಕೂಡಿಸಿ, ಕಾಯುವ ಹೊತ್ತನ್ನು ಕೊನೆಗೆ ಸೇರಿಸಬೇಕು.

ಗಡಿಯಾರವನ್ನು ಸರಿಹೊಂದಿಸುವುದು

ಇಲ್ಲಿ ಒಂದೇ ನಿಯಮ: ಮೊದಲು ಹೊರಡುವ ಸಮಯವನ್ನು ಯುಟಿಸಿಗೆ, ಅಂದರೆ ಲೋಕದ ಎಲ್ಲ ಗಡಿಯಾರಗಳಿಗೂ ಆಧಾರವಾದ ಸಮಯಕ್ಕೆ, ತನ್ನಿರಿ, ಅದಕ್ಕೆ ಅವಧಿಯನ್ನು ಕೂಡಿಸಿರಿ, ಬಳಿಕ ತಲುಪುವ ಊರಿನ ಸಮಯಕ್ಕೆ ಬದಲಿಸಿರಿ. ಎರಡು ಊರುಗಳ ವ್ಯತ್ಯಾಸವನ್ನು ನೇರವಾಗಿ ಕೂಡಿಸಲು ಅಥವಾ ಕಳೆಯಲು ಹೋದರೆ, ದಿನಾಂಕ ರೇಖೆ ಅಡ್ಡ ಬಂದಾಗ ಒಂದು ಇಡೀ ದಿನ ತಪ್ಪಿಹೋಗುತ್ತದೆ.

ಜನವರಿಯ ಒಂದು ದಿನ ಸಂಜೆ 5 ಗಂಟೆಗೆ ನರಿಟಾದಿಂದ ವಿಮಾನ ಹೊರಡುತ್ತದೆ ಎನ್ನಿ. ಜಪಾನಿನ ಸಮಯ ಯುಟಿಸಿಗಿಂತ 9 ಗಂಟೆ ಮುಂದಿರುವುದರಿಂದ ಅದು ಯುಟಿಸಿ 08:00. 9 ಗಂಟೆ 13 ನಿಮಿಷ ಕೂಡಿಸಿದರೆ ಯುಟಿಸಿ 17:13. ಚಳಿಗಾಲದಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಯುಟಿಸಿಗಿಂತ 8 ಗಂಟೆ ಹಿಂದಿರುವುದರಿಂದ ಅಲ್ಲಿ ಅದೇ ದಿನದ ಬೆಳಿಗ್ಗೆ 9:13. ಸಂಜೆ ಹೊರಟವರು ಅದೇ ದಿನ ಬೆಳಿಗ್ಗೆ ಇಳಿದು ತಿಂಡಿ ತಿನ್ನಬಹುದು. ಮರಳುವಾಗ ಬೆಳಿಗ್ಗೆ 11 ಗಂಟೆಗೆ ಹೊರಟರೆ ಅದು ಯುಟಿಸಿ 19:00. 10 ಗಂಟೆ 52 ನಿಮಿಷ ಕೂಡಿಸಿದಾಗ ಮರುದಿನದ ಯುಟಿಸಿ 05:52. ಜಪಾನಿನಲ್ಲಿ ಮರುದಿನ ಮಧ್ಯಾಹ್ನ 2:52. ವೇಳಾಪಟ್ಟಿಯಲ್ಲಿ ತಲುಪುವ ಸಮಯದ ಪಕ್ಕ +1 ಎಂಬ ಸಣ್ಣ ಗುರುತು ಇರುವುದು ಈ ಮರುದಿನವನ್ನು ಸೂಚಿಸಲು.

ಬೇಸಿಗೆಯಲ್ಲಿ ಅಮೆರಿಕದ ಗಡಿಯಾರಗಳು ಒಂದು ಗಂಟೆ ಮುಂದೆ ಹೋಗುತ್ತವೆ, ಜಪಾನಿನಲ್ಲಿ ಆ ಪದ್ಧತಿಯೇ ಇಲ್ಲ. ಆದ್ದರಿಂದ ವ್ಯತ್ಯಾಸ 17ರ ಬದಲು 16 ಗಂಟೆ. ಎರಡೂ ಕಡೆ ಬೇಸಿಗೆ ಸಮಯವಿದ್ದರೂ ನೆಮ್ಮದಿಯಿಲ್ಲ. ಅಮೆರಿಕದಲ್ಲಿ ಅದು ಮಾರ್ಚ್ ತಿಂಗಳ ಎರಡನೆಯ ಭಾನುವಾರ ಶುರುವಾದರೆ ಯುರೋಪಿನಲ್ಲಿ ಕೊನೆಯ ಭಾನುವಾರ. ಆ ನಡುವಿನ ವಾರಗಳಲ್ಲಿ ನ್ಯೂಯಾರ್ಕ್ ಮತ್ತು ಲಂಡನ್ ನಡುವಣ ಅಂತರ ಐದರ ಬದಲು ನಾಲ್ಕೇ ಗಂಟೆ. ದಕ್ಷಿಣ ಗೋಳಾರ್ಧದ ಸಿಡ್ನಿಯಂಥ ಊರುಗಳಲ್ಲಿ ಗಡಿಯಾರ ಮುಂದೆ ಹೋಗುವುದು ಅಕ್ಟೋಬರಿನಲ್ಲಿ. ಎಲ್ಲ ಕಾಲವಲಯಗಳೂ ಪೂರ್ಣ ಗಂಟೆಗಳಲ್ಲಿರುತ್ತವೆ ಎಂಬ ಭರವಸೆಯೂ ಬೇಡ: ಭಾರತ ಯುಟಿಸಿಗಿಂತ 5 ಗಂಟೆ 30 ನಿಮಿಷ, ನೇಪಾಳ 5 ಗಂಟೆ 45 ನಿಮಿಷ ಮುಂದಿವೆ. ಪ್ರಯಾಣದ ದಿನಾಂಕವನ್ನು ಹಾಕಿಯೇ ಆ ದಿನದ ವ್ಯತ್ಯಾಸವನ್ನು ನೋಡಬೇಕು, ಇಂದಿನದನ್ನು ಅಲ್ಲ.

ಇದೇ ಲೆಕ್ಕವನ್ನು ಹಿಂದುಮುಂದಾಗಿಯೂ ಮಾಡಬಹುದು, ಮತ್ತು ಟಿಕೆಟ್ ಕೊಳ್ಳುವ ಮುನ್ನ ಅದು ಹೆಚ್ಚು ಉಪಯೋಗಕ್ಕೆ ಬರುತ್ತದೆ. ಹೊರಡುವ ತಲುಪುವ ಸಮಯಗಳೆರಡನ್ನೂ ಯುಟಿಸಿಗೆ ತಂದು ಕಳೆದರೆ ಅವಧಿ ಸಿಗುತ್ತದೆ. ಮಹಾವೃತ್ತದ ದೂರವನ್ನು ಆ ಅವಧಿಯಿಂದ ಭಾಗಿಸಿದರೆ ಸರಾಸರಿ ವೇಗ ಸಿಗುತ್ತದೆ. ನಮ್ಮ ಜೋಡಿಯಲ್ಲಿ ಅದು ಪೂರ್ವಕ್ಕೆ ಗಂಟೆಗೆ ಸುಮಾರು 890, ಪಶ್ಚಿಮಕ್ಕೆ ಸುಮಾರು 760 ಕಿ.ಮೀ. ದೂರದ ನೇರ ಹಾರಾಟಗಳಲ್ಲಿ ಈ ಸಂಖ್ಯೆ ಹೆಚ್ಚಾಗಿ 750ರಿಂದ 950ರ ನಡುವೆ ಇರುತ್ತದೆ. 1,100 ದಾಟಿದರೆ ಕಾಲವಲಯವನ್ನೋ ಬೇಸಿಗೆ ಸಮಯವನ್ನೋ ತಪ್ಪಾಗಿ ಹಿಡಿದಿದ್ದೀರಿ. ದೂರವೇ ಸುಮಾರು 20,000 ಕಿ.ಮೀ. ಮೀರಿ ಬಂದಿದ್ದರೆ ಲೆಕ್ಕವನ್ನು ಮೊದಲಿನಿಂದ ನೋಡಬೇಕು, ಏಕೆಂದರೆ ಭೂಮಿಯ ಮೇಲೆ ಎರಡು ಸ್ಥಳಗಳು ಅದಕ್ಕಿಂತ ಹೆಚ್ಚು ದೂರವಿರಲು ಸಾಧ್ಯವಿಲ್ಲ. ಇನ್ನು ಸರಾಸರಿ ವೇಗ 650ಕ್ಕಿಂತ ಕೆಳಗಿದ್ದರೆ, ಮೊದಲು ಮುಚ್ಚಿದ ವಾಯುಪ್ರದೇಶವೇನಾದರೂ ದಾರಿಯಲ್ಲಿದೆಯೇ ಎಂದು ನೋಡಿ. ಇಲ್ಲವಾದರೆ ಟಿಕೆಟ್ಟಿನ ಸಣ್ಣ ಅಕ್ಷರಗಳನ್ನು ಓದಿ, ಒಂದೇ ಸಂಖ್ಯೆಯ ಆ ವಿಮಾನ ನಡುವೆ ಎಲ್ಲಿಯೋ ಇಳಿದು ಇಂಧನ ತುಂಬಿಸಿಕೊಂಡು ಮುಂದೆ ಹೋಗುವಂಥದ್ದಾಗಿರುತ್ತದೆ.